ದೈತ್ಯರ ಹೆಸರು, ಕಲ್ಲುಕುಟಿಗರ ಗೋಡೆ

ಗ್ರೀಸಿನ ತಿರಿನ್ಸ್ ಕೋಟೆಯನ್ನು ಕ್ರಿ.ಶ. ಎರಡನೇ ಶತಮಾನದಲ್ಲಿ ಕಂಡ ಪ್ರವಾಸಿ ಪಾಸೇನಿಯಸ್, ಅದರ ಅತಿ ಸಣ್ಣ ಕಲ್ಲನ್ನೂ ಜೋಡಿ ಹೇಸರಗತ್ತೆಗಳು ಕದಲಿಸಲಾರವು ಎಂದು ಬರೆದ. ಅದು ಮನುಷ್ಯರ ಕೆಲಸವಲ್ಲ, ಒಕ್ಕಣ್ಣಿನ ದೈತ್ಯರಾದ ಸೈಕ್ಲೋಪರದು ಎಂಬುದು ಅಲ್ಲಿಯ ನಂಬಿಕೆ. ಆ ನಂಬಿಕೆಯಿಂದ ಹುಟ್ಟಿದ ಇಂಗ್ಲಿಷ್ ಗುಣವಾಚಕ 'ಸೈಕ್ಲೋಪಿಯನ್'.

ವಾಸ್ತುಶಿಲ್ಪದಲ್ಲಿ ಇದಕ್ಕೆ ಖಚಿತ ಅರ್ಥವಿದೆ: ಗಾರೆಯಿಲ್ಲದೆ ಭಾರೀ ಒರಟು ಬಂಡೆಗಳನ್ನು ಪೇರಿಸಿ, ಸಂದಿಗೆ ಚಕ್ಕೆಗಲ್ಲು ತುರುಕಿ ಎಬ್ಬಿಸಿದ ಗೋಡೆ. ಸಾಹಿತ್ಯಕ್ಕೆ ಬಂದಾಗ ಅರ್ಥ ಸಡಿಲಗೊಂಡಿತು. ಅಮೆರಿಕದ ಕತೆಗಾರ ಎಚ್.ಪಿ. ಲವ್‌ಕ್ರಾಫ್ಟ್‌ಗೆ ಇದು ಅಚ್ಚುಮೆಚ್ಚಿನ ಪದ. 1928ರಲ್ಲಿ ಅಚ್ಚಾದ 'ದಿ ಕಾಲ್ ಆಫ್ ಕ್ತುಲು' ಕತೆಯಲ್ಲಿ ಕಡಲಡಿಯ ನಗರವೊಂದು ಮೇಲೇಳುತ್ತದೆ. ಅಂಥ ಕಡೆ ಆತ ಈ ಪದ ಬಳಸುವುದು ಅಳತೆ ಹೇಳಲಿಕ್ಕಲ್ಲ, ಇದನ್ನು ಕಟ್ಟಿದವರು ನಮ್ಮಂಥವರಲ್ಲ ಎಂಬ ನಡುಕ ಹುಟ್ಟಿಸಲಿಕ್ಕೆ. ಜೇಮ್ಸ್ ಜಾಯ್ಸ್ 1922ರ 'ಯುಲಿಸಿಸ್'ನಲ್ಲಿ ಇದೇ ಒಕ್ಕಣ್ಣಿನ ದೈತ್ಯರ ಪುರಾಣಕತೆಯನ್ನು ಡಬ್ಲಿನ್ನಿನ ಹೆಂಡದಂಗಡಿಗೆ ತಂದು, ಒಂದೇ ಕಡೆ ನೋಡುವ ಸಣ್ಣ ಬುದ್ಧಿಯನ್ನು ಚಿತ್ರಿಸಿದ.

ಚಿತ್ರದುರ್ಗದ ಕೋಟೆಯ ಗೋಡೆ ಕಂಡ ಇಂಗ್ಲಿಷ್ ಓದುಗರಿಗೆ ಈ ಪದ ನೆನಪಾಗುವುದು ಸಹಜ. ಇಲ್ಲಿಯೂ ದೈತ್ಯನಿದ್ದಾನೆ. ಬೆಟ್ಟದ ಮೇಲಿನ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು, ಭೀಮನ ಭೇರಿ ಎಂದು ಇವತ್ತಿಗೂ ತೋರಿಸುತ್ತಾರೆ. ಆದರೆ ಗೋಡೆ ಕಟ್ಟಿದ ಕೀರ್ತಿಯನ್ನು ದುರ್ಗದ ಜನ ಹಿಡಿಂಬನಿಗೆ ಕೊಟ್ಟಿಲ್ಲ, ದುರ್ಗವನ್ನಾಳಿದ ನಾಯಕರ ಕಾಲಕ್ಕೆ ಕೊಟ್ಟಿದ್ದಾರೆ. ನನಗೆ ಇದು ಬಹಳ ದೊಡ್ಡ ಮಾತೆನಿಸುತ್ತದೆ.

ಗೋಡೆಯ ಹತ್ತಿರ ಹೋಗಿ ನೋಡಿದರೆ ಅವರ ಮಾತೇ ಸರಿ ಅನ್ನುವುದು ಕಣ್ಣಿಗೆ ಕಾಣುತ್ತದೆ. ಬಂಡೆಗಳ ಅಂಚಿನಲ್ಲಿ ಸಾಲಾಗಿ ಚೌಕದ ಗುಳಿಗಳಿವೆ. ಉಳಿಯಿಂದ ಗುಳಿ ಹೊಡೆದು, ಅದರಲ್ಲಿ ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೆಯ ಪೆಟ್ಟು ಕೊಡುತ್ತ ಹೋದರೆ ಗಟ್ಟಿ ಗ್ರಾನೈಟ್ ಗೆರೆ ಎಳೆದಂತೆ ಸೀಳುತ್ತದೆ. ಹಾಗೆ ಸೀಳಿದ ಕಲ್ಲನ್ನು ಪಕ್ಕದ ಕಲ್ಲಿನ ಮೂಲೆಗೆ ಸರಿಹೊಂದುವಂತೆ ಕೆತ್ತಿ, ಗಾರೆಯಿಲ್ಲದೆ ಕೂರಿಸಿದ್ದಾರೆ. ಆದ್ದರಿಂದ ಶಾಸ್ತ್ರದ ಬಿಗಿ ಅರ್ಥದಲ್ಲಿ ಇದು ಸೈಕ್ಲೋಪಿಯನ್ ಗೋಡೆಯಲ್ಲ. ತಿರಿನ್ಸ್‌ನವು ಒರಟು ಸುಣ್ಣಕಲ್ಲುಗಳು, ದುರ್ಗದವು ಉಳಿಯೇಟು ತಿಂದ ಕಲ್ಲುಗಳು. ಪ್ರತಿ ಗುಳಿಯ ಹಿಂದೆ ಒಬ್ಬ ಕಲ್ಲುಕುಟಿಗನ ಬಿಸಿಲಿನ ದಿನವಿದೆ. ದೈತ್ಯರ ಹೆಸರು ಹಚ್ಚಿದೊಡನೆ ಆತ ಮರೆಯಾಗಿಬಿಡುತ್ತಾನೆ.

ಕನ್ನಡ ಈ ಕೋಟೆಗೆ ಕೊಟ್ಟ ವಿಶೇಷಣಗಳು ನೇರವಾದವು: ಕಲ್ಲಿನ ಕೋಟೆ, ಏಳುಸುತ್ತಿನ ಕೋಟೆ. ದೊಡ್ಡದೆನ್ನಲು ನಮಗೆ ರಾಕ್ಷಸರೇ ಬೇಕೆಂದಿಲ್ಲ. 'ಹಿರಿದು' ಎಂಬ ಗುಣವಾಚಕ ನಾಮಪದದೊಳಗೇ ಕರಗಿ ಹೆಬ್ಬಂಡೆ, ಹೆಬ್ಬಾಗಿಲು, ಹೆಮ್ಮರ ಆಗುತ್ತದೆ. ದುರ್ಗದಿಂದ ಬೆಂಗಳೂರಿನತ್ತ ಹೊರಟರೆ ಸಿಗುವ ಹಿರಿಯೂರಿನ ಹೆಸರಿನಲ್ಲಿ ಇರುವುದೂ ಅದೇ ಹಿರಿತನ. ಆ ಊರಿಗೆ ಕರೆದೊಯ್ಯುವ ಹೆದ್ದಾರಿಯಲ್ಲೂ ಅದೇ.