ಮನೆಯೊಳಗಿನ ಕಡಲು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯು ಮಳೆ ಕಡಮೆಯಾದ ಬಯಲುನಾಡು, ಕಡಲು ಬಹುದೂರ. ಇಲ್ಲಿ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ ಕಡಲಮೀನುಗಳನ್ನು ಸಾಕುವವರಿಗೆ ಮಾಗಿಯ ಇರುಳಿನಲ್ಲಿ ವಿದ್ಯುಚ್ಛಕ್ತಿ ನಿಂತುಹೋಗುವುದೇ ದೊಡ್ಡ ಗಂಡಾಂತರ. ವರ್ಷಗಳ ಸಾಕಣೆಯೆಲ್ಲ ಬೆಳಗಾಗುವಷ್ಟರಲ್ಲಿ ಹಾಳಾಗಬಹುದು.

ಮೀನುಗಳು ಚಳಿಯಿಂದ ಸತ್ತುವೆಂದು ಹಲವರು ಎಣಿಸುವುದುಂಟು. ಹವಳದ ದಿಬ್ಬಗಳ ಮೀನಿಗೆ ಸುಮಾರು 25 ಡಿಗ್ರಿ ಸೆಂಟಿಗ್ರೇಡಿನ ನೀರು ಬೇಕೆಂಬುದು ನಿಜ. ಆದರೆ ನೀರು ತಣಿಯುವುದು ಮೆಲ್ಲಗೆ. ಉಸಿರು ತೀರುವುದು ಬೇಗ. ಪಂಪು ನಿಂತರೆ ನೀರಿನ ಚಲನೆ ನಿಲ್ಲುವುದು. ಗಾಳಿಯ ಆಮ್ಲಜನಕವು ನೀರಿನಲ್ಲಿ ಬೆರೆಯುವುದು ಕುಂದುವುದು. ಉಪ್ಪುನೀರಿನಲ್ಲಂತೂ ಅದು ಸಿಹಿನೀರಿಗಿಂತ ಕಡಮೆ ಕರಗುವುದು. ಸೋಸುವ ಪೆಟ್ಟಿಗೆಯಲ್ಲಿ ನೆಲೆಸಿ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳೂ ಉಸಿರಿಲ್ಲದೆ ಅಳಿಯುವುವು.

ಆದಕಾರಣ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ಇಟ್ಟುಕೊಂಡಿರುವುದು ಲೇಸು. ಅದಿಲ್ಲವಾದರೆ ಗಾಜಿನ ಲೋಟದಲ್ಲಿ ತೊಟ್ಟಿಯ ನೀರನ್ನೆತ್ತಿ ಮೇಲಿನಿಂದ ಮತ್ತೆ ಮತ್ತೆ ಹೊಯ್ಯಬೇಕು. ತಾಮ್ರದ ಚೊಂಬು ಕೂಡದು. ತಾಮ್ರವು ಹವಳ, ಸಿಗಡಿಗಳಿಗೆ ವಿಷ. ಆಗ ಮೇವು ಹಾಕಲಾಗದು. ಚಳ್ಳಕೆರೆಯ ಉಣ್ಣೆಗಂಬಳಿಯನ್ನು ತೊಟ್ಟಿಯ ಸುತ್ತ ಹೊದಿಸಿದರೆ ಬಿಸುಪು ಉಳಿಯುವುದು. ಬಾಯನ್ನು ಮಾತ್ರ ಮುಚ್ಚಬಾರದು. ವಿದ್ಯುಚ್ಛಕ್ತಿ ಮರಳಿದ ಮೇಲೆ, ಸೋಸುವ ಪೆಟ್ಟಿಗೆಯಲ್ಲಿ ನಿಂತು ಕೆಟ್ಟ ನೀರನ್ನು ಹೊರಚೆಲ್ಲಿದ ಬಳಿಕವೇ ಅದನ್ನು ನಡೆಸತಕ್ಕದ್ದು. ಇಲ್ಲವಾದರೆ ಇರುಳನ್ನು ದಾಟಿದ ಮೀನುಗಳು ಹಗಲಿನಲ್ಲಿ ಸಾಯುವುವು.