ದೋಣಿಯನ್ನು ತಳ್ಳುವ ಪಂಪು

ಬೇಸಿಗೆಯಲ್ಲಿ ಹರಿಹರದ ಸೇತುವೆಯ ಮೇಲೆ ನಿಂತರೆ ತುಂಗಭದ್ರೆಯ ಬಂಡೆಗಳೂ ಮರಳ ದಿಬ್ಬಗಳೂ ಕಣ್ಣಿಗೆ ಬೀಳುತ್ತವೆ. ಮಳೆಗಾಲದಲ್ಲಿ ಇವೆಲ್ಲ ನೀರಿನಡಿ ಅಡಗುತ್ತವೆ. 2019ರ ಆಗಸ್ಟ್‌ನಲ್ಲಿ ಆದಂತೆ ಹೊಳೆ ಉಕ್ಕಿ ಜನವಸತಿಗೆ ನುಗ್ಗಿದಾಗ ರಕ್ಷಣಾ ದೋಣಿ ಸಾಗಬೇಕಾದದ್ದು ಇಂಥ ಕಾಣದ ಅಡೆತಡೆಗಳ ಮೇಲೆಯೇ. ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್ ದೋಣಿಯ ತಳಕ್ಕಿಂತ ಕೆಳಗೆ ತಿರುಗುತ್ತದೆ. ಬಂಡೆ ತಗುಲಿದರೆ ಅದರ ಅಲಗು ಮುರಿಯುತ್ತದೆ.

ಇದಕ್ಕೊಂದು ಪರಿಹಾರ ಜೆಟ್ ದೋಣಿ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಅಲ್ಲಿನ ಆಳವಿಲ್ಲದ ಹೊಳೆಗಳಿಗಾಗಿ ಇದನ್ನು ಬಳಕೆಗೆ ತಂದರು. ಮುಂದೆ ಔಟ್‌ಬೋರ್ಡ್ ಎಂಜಿನ್ನಿಗೂ ಜೆಟ್ ಘಟಕ ಬಂದಿತು.

ಕೆಲಸ ಮಾಡುವ ಬಗೆ

ದಾವಣಗೆರೆ ಸುತ್ತಲಿನ ರೈತರಿಗೆ ಇದು ಹೊಸದೇನಲ್ಲ. ಇದೊಂದು ಪಂಪು. ಜಾಲರಿಯ ಮೂಲಕ ನೀರನ್ನು ಎಳೆದು, ಇಂಪೆಲ್ಲರ್‌ನಿಂದ ವೇಗ ಕೊಟ್ಟು, ಕಿರಿದಾದ ಬಾಯಿಯಿಂದ ಹಿಂದಕ್ಕೆ ಚಿಮ್ಮಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ದೋಣಿ ಮುಂದಕ್ಕೆ ಸಾಗುತ್ತದೆ. ಸೆಕೆಂಡಿಗೆ 50 ಕಿಲೋಗ್ರಾಂ ನೀರಿನ ವೇಗವನ್ನು ಸೆಕೆಂಡಿಗೆ 10 ಮೀಟರಿನಷ್ಟು ಹೆಚ್ಚಿಸಿದರೆ ದೊರೆಯುವ ನೂಕುಬಲ 50 × 10 = 500 ನ್ಯೂಟನ್. ನೀರು ಕಡಿಮೆಯಾದರೆ ಬಲವೂ ಕುಗ್ಗುತ್ತದೆ. ದೋಣಿ ತಿರುಗುವುದೂ ಈ ಧಾರೆಯ ದಿಕ್ಕನ್ನು ಬದಲಿಸುವುದರಿಂದಲೇ. ಆದ್ದರಿಂದ ಧಾರೆ ನಿಂತರೆ ಚುಕ್ಕಾಣಿಯೂ ಇಲ್ಲ. ಸೆಳೆತದಲ್ಲಿ ದೋಣಿ ತೇಲಿಹೋಗುತ್ತದೆ.

ದೋಷ ಪತ್ತೆ

ಎಂಜಿನ್ ಅರಚುತ್ತಿದೆ, ದೋಣಿ ಸಾಗುತ್ತಿಲ್ಲ. ಆಗ ಎಂಜಿನ್ ಬಿಚ್ಚುವ ಮೊದಲು ಪಂಪನ್ನು ನೋಡಬೇಕು.

ಬಲ ಒಮ್ಮೆಲೇ ಕುಗ್ಗಿದ್ದರೆ ಜಾಲರಿಗೆ ಪ್ಲಾಸ್ಟಿಕ್, ಹುಲ್ಲು, ತೆಂಗಿನ ಗರಿ ಸಿಕ್ಕಿರಬಹುದು. ನೆರೆನೀರಿನಲ್ಲಿ ಇವು ಹೇರಳ. ಬಂಡೆಗೆ ಅಂಜದ ಜೆಟ್ ಕಸಕ್ಕೆ ಸೋಲುತ್ತದೆ! ಸುರಕ್ಷಿತ ಜಾಗದಲ್ಲಿ ದೋಣಿ ಕಟ್ಟಿ, ಎಂಜಿನ್ ನಿಲ್ಲಿಸಿದ ನಂತರವೇ ಕೈ ಹಾಕಬೇಕು.

ಧಾರೆ ನೊರೆಯಾಗಿ, ತಡೆತಡೆದು ಬರುತ್ತಿದ್ದರೆ ಪಂಪು ಗಾಳಿ ಎಳೆಯುತ್ತಿದೆ. ಘಟಕವನ್ನು ಎತ್ತರಕ್ಕೆ ಕೂರಿಸಿದ್ದಾರೆಯೇ ಪರೀಕ್ಷಿಸಿ.

ಧಾರೆಯೇ ಇಲ್ಲವಾದರೆ, ಜಾಲರಿಯೂ ಸ್ವಚ್ಛವಾಗಿದ್ದರೆ, ಇಂಪೆಲ್ಲರನ್ನು ದಂಡಕ್ಕೆ ಹಿಡಿದಿಡುವ ಕೀಲು ತುಂಡಾಗಿರಬಹುದು. ಕಲ್ಲು ಸಿಕ್ಕಾಗ ಎಂಜಿನ್ ಉಳಿಯಲೆಂದೇ ಅದು ಮೊದಲು ಮುರಿಯುತ್ತದೆ. ಹೊಸ ಕೀಲು ದೋಣಿಯಲ್ಲೇ ಇರಲಿ.

ತಿಂಗಳುಗಟ್ಟಲೆ ನಿಧಾನವಾಗಿ ಬಲ ಇಳಿದಿದ್ದರೆ ಕಾರಣ ಮರಳು. ಇಂಪೆಲ್ಲರಿಗೂ ಅದರ ಸುತ್ತಲ ಕವಚಕ್ಕೂ ನಡುವಿನ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಸವೆದು ಅಂತರ ಹೆಚ್ಚಿದರೆ ನೀರು ಹಿಂದಕ್ಕೆ ಸೋರುತ್ತದೆ. ಮೊಂಡಾದ ಅಲಗನ್ನು ಅರದಿಂದ ಉಜ್ಜಿ, ಅಂತರವನ್ನು ತಯಾರಕರ ಕೈಪಿಡಿಯಂತೆ ಸರಿಪಡಿಸಬೇಕು.

ಬಳಕೆಯ ನಂತರ ಶುದ್ಧ ನೀರಿನಿಂದ ತೊಳೆದು ಬೇರಿಂಗಿಗೆ ಗ್ರೀಸ್ ತುಂಬಿರಿ. ಹೊರಬರುವ ಹಳೆಯ ಗ್ರೀಸಿನಲ್ಲಿ ನೀರು ಕಂಡರೆ ಸೀಲ್ ಹಾಳಾಗಿದೆ ಎಂದರ್ಥ. ಎಂಜಿನ್ ತಂಪಾಗಿಸುವ ನೀರಿನ ಸಣ್ಣ ಧಾರೆ ನಿಂತರೆ ತಕ್ಷಣ ಎಂಜಿನ್ ನಿಲ್ಲಿಸಬೇಕು.

ತರಗತಿಯಲ್ಲಿ ಮಾಡಿ ನೋಡಿ

ನೀರಿನ ಹಾದಿ ಕಟ್ಟಿದಾಗ ಇನ್ನೊಂದು ವಿದ್ಯಮಾನವೂ ನಡೆಯುತ್ತದೆ. ಇಂಪೆಲ್ಲರಿನ ಬಳಿ ಒತ್ತಡ ಕುಸಿದು ನೀರು ತಣ್ಣಗಿದ್ದರೂ ಕುದಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ ಒತ್ತಡ ಸುಮಾರು 4.2 ಕಿಲೋಪ್ಯಾಸ್ಕಲಿಗೆ ಇಳಿಯಬೇಕು. ಹೀಗೆ ಹುಟ್ಟಿದ ಆವಿಗುಳ್ಳೆಗಳು ಒಡೆಯುವಾಗ ಲೋಹದಲ್ಲಿ ಗುಳಿ ಬೀಳುತ್ತದೆ.

ಶಿಕ್ಷಕರು ಸೂಜಿಯಿಲ್ಲದ ಸಿರಿಂಜಿನಲ್ಲಿ ಸುಮಾರು 60 ಡಿಗ್ರಿಯ ನೀರನ್ನು ಸ್ವಲ್ಪ ಎಳೆದುಕೊಂಡು, ಗಾಳಿ ಹೊರಡಿಸಿ, ತುದಿ ಮುಚ್ಚಿ ದಟ್ಟೆಯನ್ನು ಜೋರಾಗಿ ಹಿಂದಕ್ಕೆಳೆಯಲಿ. ನೀರು ಕುದಿಯುವುದನ್ನು ವಿದ್ಯಾರ್ಥಿಗಳು ಕಾಣುತ್ತಾರೆ. ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವಿಗೆ ಕಸ ಕಟ್ಟಿದಾಗ ಕೇಳುವ ಕಟಕಟ ಸದ್ದಿಗೆ ಕಾರಣವೇನೆಂದು ಆಮೇಲೆ ಅವರನ್ನೇ ಕೇಳಿ.