ಕೋಲಾರ ಸೀಮೆಯಲ್ಲಿ ಬಾಡಿಗೆ ಮನೆ ಹುಡುಕಿದ ಅನುಭವ



ಅಡಿಕೆಯ ಎಲೆಚುಕ್ಕಿ ರೋಗ, ಕಾಫಿಯ ಕಾಯಿಕೊರಕಗಳ ವಿಚಾರ ಬರುವ ಈ ಪುಟದಲ್ಲಿ ಬಾಡಿಗೆ ಮನೆಯ ಮಾತೇಕೆ ಎಂದು ತಾವು ಕೇಳಬಹುದು. ಮಕ್ಕಳನ್ನು ಬಯಲುಸೀಮೆಗೆ ನೌಕರಿಗೆ ಕಳುಹಿಸದ ಮನೆ ನಮ್ಮ ಸದಸ್ಯರಲ್ಲಿ ಈಗ ಅಪರೂಪ. ಕಳೆದ ಬೇಸಿಗೆಯಲ್ಲಿ ನಾವು ಕೋಲಾರ ಜಿಲ್ಲೆಯ ನಾಲ್ಕು ಊರುಗಳಲ್ಲಿ ಮನೆಗಾಗಿ ಐದು ದಿನ ಅಲೆದೆವು. ಅಲ್ಲಿ ಕಲಿತದ್ದು ಇತರರಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮಗಳಿಗೆ ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸವಾಯಿತು. ಅಳಿಯಂದಿರು ಮಾಲೂರಿನ ಕಾರ್ಖಾನೆಯೊಂದರಲ್ಲಿದ್ದಾರೆ. ಎರಡು ವರ್ಷದ ಮೊಮ್ಮಗನಿದ್ದಾನೆ. ಅಳಿಯಂದಿರಿಗೆ ರಜೆ ಸಿಗದ ಕಾರಣ ಮನೆ ಹುಡುಕುವ ಹೊಣೆ ನಮ್ಮ ಹೆಗಲಿಗೆ ಬಿತ್ತು. ನಮ್ಮ ಮನೆಯವರೂ ಮಗಳೂ ಜೊತೆಗೆ ಬಂದರು.

ಮೊದಲು ಮಾಲೂರಿಗೆ ಹೋದೆವು. ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಈ ಊರಿಗೆ ಬೆಂಗಳೂರು–ಚೆನ್ನೈ ರೈಲುದಾರಿಯ ಅನುಕೂಲವಿದೆ. ಕಾರ್ಖಾನೆಗಳು ಬಂದಮೇಲೆ ಸಾಲುಕೋಣೆಗಳೂ ಎದ್ದಿವೆ. ನಾವು ನೋಡಿದ ಒಂದು ವಠಾರದಲ್ಲಿ ಎಂಟು ಕೋಣೆ, ಒಂದೇ ನಲ್ಲಿ, ಎರಡು ಪಾಯಿಖಾನೆ. ನಮ್ಮ ಮನೆಯವರು ಹೊರಗೆ ಬಂದು, “ಇದು ನಮ್ಮ ಲೈನ್ ಮನೆಗಳ ಹಾಗೇ ಇದೆಯಲ್ಲ” ಎಂದರು. ನಾವು ಉತ್ತರ ಕೊಡಲಿಲ್ಲ.

ಮಾಲೂರಿನಿಂದ ಮಗಳ ಶಾಲೆಗೆ ಎರಡು ಬಸ್ಸು ಬದಲಿಸಬೇಕೆಂದು ತಿಳಿದು, ಮರುದಿನ ಶ್ರೀನಿವಾಸಪುರ ಸೇರಿದೆವು. ಮಾವಿನ ಸುಗ್ಗಿಯ ಕಾಲ, ಮಂಡಿಗಳ ಮುಂದೆ ಲಾರಿಗಳ ಸಾಲು. ಒಂದು ಮನೆ ಎಲ್ಲ ವಿಧದಲ್ಲೂ ಒಪ್ಪಿಗೆಯಾಯಿತು. ಬಾಡಿಗೆಯ ಮಾತಾದ ಮೇಲೆ ಯಜಮಾನರು, “ತಾವು ಯಾವ ಜನ ಸ್ವಾಮಿ?” ಎಂದು ಕೇಳಿದರು. ನಾವು ಹೇಳಿದ ಮೇಲೆ, “ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ” ಎಂದರು. ಆ ಉತ್ತರ ಬರಲೇ ಇಲ್ಲ. ಇನ್ನೊಂದು ಮನೆಯಲ್ಲೂ ಹೀಗೇ ಆಯಿತು. ಐವತ್ತು ದಾಟಿದ ಮೇಲೆ, ನಾಲ್ಕು ಜನ ಗೌರವಿಸುವ ಸ್ಥಾನದಲ್ಲಿದ್ದೂ, ಮಗಳ ಎದುರಿಗೆ ಪರರ ಜಗಲಿಯಲ್ಲಿ ನಿಂತು ಇಂಥ ಪ್ರಶ್ನೆಗೆ ಉತ್ತರ ಕೊಡುವ ಕಷ್ಟ ನಮಗೆ ಅಂದು ತಿಳಿಯಿತು. ಅಸ್ಸಾಮಿನ ಕಡೆಯಿಂದ ಕೊಯ್ಲಿಗೆ ಬಂದ ಜನರನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ ನಾವೂ ಹೀಗೆಯೇ ವಿಚಾರಿಸಿದ್ದು ನೆನಪಿಗೆ ಬಂತು.

ಮುಳಬಾಗಿಲು ಆಂಧ್ರದ ಗಡಿಗೆ ಹತ್ತಿರ, ಅನೇಕರ ಮನೆಮಾತು ತೆಲುಗು. ಅಂಗಡಿಯವರೊಬ್ಬರು “ಇಲ್ಲು ಉಂದಿ” ಎಂದಾಗ ನಮ್ಮ ಮನೆಯವರು ಇಲ್ಲವೆಂದರೆಂದು ತಿಳಿದು ಹೊರಟೇಬಿಟ್ಟಿದ್ದರು. ಇಲ್ಲು ಎಂದರೆ ಮನೆ, ಉಂದಿ ಎಂದರೆ ಇದೆ! ಆ ಮನೆ ಭೋಗ್ಯಕ್ಕಿತ್ತು. ಐದು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಹಣ ವಾಪಸು. ಕೇಳಲು ಹಿತವಾದ ಮಾತೇ. ಆದರೆ ಸಂಘದಲ್ಲಿ ಸಾಲದ ಅರ್ಜಿಗಳನ್ನು ನೋಡಿ ಪಳಗಿದ ಕಣ್ಣು ನಮ್ಮದು. ಉಪನೋಂದಣಿ ಕಛೇರಿಯ ಋಣಭಾರ ಪತ್ರ ತೋರಿಸಿ ಎಂದೆವು. ಯಜಮಾನರ ಮುಖ ಸಪ್ಪೆಯಾಯಿತು. ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೆಂದು ಕೊನೆಗೆ ಒಪ್ಪಿಕೊಂಡರು. ಸಾಲ ತೀರದೆ ಮನೆ ಹರಾಜಿಗೆ ಬಂದರೆ ಭೋಗ್ಯದ ಹಣಕ್ಕೆ ಅಲೆಯಬೇಕಾದವರು ನಾವು. ಕೈಮುಗಿದು ಬಂದೆವು.

ಕಡೆಗೆ ಇಬ್ಬರ ಕೆಲಸಕ್ಕೂ ನಡುವಿನ ಊರಾದ ಕೋಲಾರದಲ್ಲಿ ಮನೆ ಸಿಕ್ಕಿತು. ಮನೆಯೊಡತಿ ವಯಸ್ಸಾದ ತಾಯಿ. ಜಾತಿ ಕೇಳಲಿಲ್ಲ. ಒಳಗೆ ಕರೆದು, “ನೋಡಣ್ಣಾ, ಮೊದಲೇ ಹೇಳ್ತೀನಿ. ಊರ ನೀರು ದಿನಾ ಬರಲ್ಲ. ಬೋರ್ ನೀರು ಸವಳು. ಬೇಸಿಗೇಲಿ ಟ್ಯಾಂಕರ್ ತರಿಸಿದ್ರೆ ಅದರ ದುಡ್ಡು ನಿಮ್ದೇ. ಆಮೇಲೆ ಜಗಳ ಬೇಡ” ಎಂದರು. ಐದು ದಿನಗಳಲ್ಲಿ ನಾವು ಕೇಳಿದ ಅತ್ಯಂತ ಪ್ರಾಮಾಣಿಕವಾದ ಮಾತು ಇದು.

ಮಲೆನಾಡಿನವರಾದ ನಮಗೆ ನೀರನ್ನು ವಿಚಾರಿಸುವ ಅಭ್ಯಾಸವಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ವರ್ಷದ ಮಳೆ ಸುಮಾರು 750 ಮಿಲಿಮೀಟರ್. ಅಷ್ಟು ಮಳೆ ನಮ್ಮ ಕಡೆ ಜುಲೈ ಒಂದರಲ್ಲೇ ಬೀಳುವುದುಂಟು. ಇಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಇದೆ. ಅದು ಕಣ್ಣಿಗೆ ಕಾಣದು, ರುಚಿಗೆ ತಿಳಿಯದು, ಕುದಿಸಿದರೂ ಹೋಗದು. ಬೆಳೆಯುವ ಮಕ್ಕಳ ಹಲ್ಲಿಗೆ ಹಾನಿ ಮಾಡುತ್ತದೆ. ಆದ್ದರಿಂದ ಮೊಮ್ಮಗನಿಗೆ ಕುಡಿಯಲೂ ಅಡಿಗೆಗೂ ಶುದ್ಧ ನೀರಿನ ಘಟಕದ ಕ್ಯಾನು ತರಿಸುವುದೆಂದು ನಿಶ್ಚಯಿಸಿದೆವು. ಬೋರ್ ನೀರಿನಲ್ಲಿ ನಮ್ಮ ತೋಟದ ಪುಡಿಯಿಂದಲೇ ಮಾಡಿದ ಕಾಫಿ ನಮ್ಮದೆಂದು ಗುರುತು ಸಿಗದಷ್ಟು ಮಂಕಾಗಿತ್ತು.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಅದು ಅಂತರ್ಜಲ ಏರಿಸುವುದಕ್ಕೆ, ನೇರವಾಗಿ ಕುಡಿಯುವುದಕ್ಕಲ್ಲ. ನಮ್ಮ ಸಕಲೇಶಪುರದ ಕಡೆಯ ಹಳ್ಳಗಳ ನೀರನ್ನು ಈ ಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಆ ಯೋಜನೆಯ ಬಗ್ಗೆ ನಮ್ಮಲ್ಲಿ ಅನೇಕರಿಗೆ ತಕರಾರಿದೆ, ನಮಗೂ ಇದೆ. ಆದರೆ ಮೊಮ್ಮಗನಿಗೆ ಕ್ಯಾನಿನ ನೀರು ಕೊಂಡ ದಿನದಿಂದ ಆ ಜನರ ಬಾಯಾರಿಕೆಯನ್ನು ಹಗುರಾಗಿ ಆಡುವುದನ್ನು ಬಿಟ್ಟಿದ್ದೇವೆ.

ಮನೆ ಹುಡುಕುವ ಸದಸ್ಯರಿಗೆ ನಾಲ್ಕು ಮಾತು. ಒಂದು: ಬಣ್ಣ, ನೆಲ ನೋಡುವ ಮೊದಲು ತೊಟ್ಟಿಯ ಮುಚ್ಚಳ ತೆಗೆಸಿ ನೋಡಿರಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿರಿ. ಎರಡು: ಅಡ್ವಾನ್ಸಿನಲ್ಲಿ ಚೌಕಾಸಿ ಮಾಡಿರಿ. ನಮಗೆ ಹೇಳಿದ್ದು ಒಂದು ಲಕ್ಷ, ಒಪ್ಪಿದ್ದು 70,000. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಸಾಕೆನ್ನುತ್ತದೆ; ಆದರೆ ರಾಜ್ಯ ಅದನ್ನು ಕಾನೂನು ಮಾಡದೆ ಯಾರನ್ನೂ ಕಟ್ಟಿಹಾಕದು. ಮೂರು: 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಎಲ್ಲರೂ 11 ತಿಂಗಳಿಗೆ ಬರೆಯುವುದು ಇದಕ್ಕಾಗಿಯೇ. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಟ್ಯಾಂಕರಿನ ಹಣ ಯಾರದು ಎಂಬುದನ್ನು ಅದರಲ್ಲೇ ಬರೆಸಿರಿ. ನಾಲ್ಕು: ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ.

ಕೊನೆಯದಾಗಿ ಒಂದು ವಿಷಯ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮೇಲೆ ಕಾರ್ಮಿಕರ ವಸತಿಯ ಹೊಣೆ ಹೊರಿಸಿತ್ತು. ಸಣ್ಣ ಹಿಡುವಳಿಯವರಾದ ನಮ್ಮನ್ನು ಅದು ಕೇಳಲಿಲ್ಲ. ಆ ನೆಪದಲ್ಲಿ ನಮ್ಮ ತೋಟದ ನಾಲ್ಕು ಲೈನ್ ಮನೆಗಳಿಗೆ ಹಲವು ವರ್ಷ ಒಂದೇ ನಲ್ಲಿಯಿತ್ತು. ಕೋಲಾರದಿಂದ ಬಂದ ವಾರದಲ್ಲೇ ಪೈಪು ತರಿಸಿದೆವು. ಈಗ ಪ್ರತಿ ಬಾಗಿಲಿಗೂ ಒಂದು ನಲ್ಲಿಯಿದೆ. ಖರ್ಚು ಎಣಿಸಿದಷ್ಟು ಬರಲಿಲ್ಲ.

ಬಾಡಿಗೆ ಕರಾರಿನ ಕನ್ನಡ ಮಾದರಿಯನ್ನು ಸಂಘದ ಕಛೇರಿಯಲ್ಲಿ ಇರಿಸಿದ್ದೇವೆ. ಅಗತ್ಯವುಳ್ಳ ಸದಸ್ಯರು ಬಂದು ಪ್ರತಿ ಪಡೆಯಬಹುದು.

— ಕಾರ್ಯದರ್ಶಿ